‘ಬೇಕಂತ ಮಾಡಿದ್ದಲ್ಲ ಸಾರ್’ ಅಂದರೆ ಕೇಸು ಬಿಡುತ್ತಾ? ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಕಾನೂನು ಹೇಳುವುದೇನು

‘ಬೇಕಂತ ಮಾಡಿದ್ದಲ್ಲ ಸಾರ್, ಆಗೋಯ್ತು.’ ಒಂದು ಸಾವು ಸಂಭವಿಸಿದ ಮೇಲೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತವರ ಬಾಯಲ್ಲಿ ಮೊದಲು ಬರುವ ಮಾತು ಇದು. ಬಹಳ ಸಲ ಅದು ನಿಜವೂ ಹೌದು. ಗೂಡ್ಸ್ ಆಟೊ ಹಿಂದಕ್ಕೆ ತೆಗೆದ ಚಾಲಕನಿಗೆ ಹಿಂದೆ ನಿಂತಿದ್ದ ಅಜ್ಜಿಯ ಮೇಲೆ ಯಾವ ದ್ವೇಷವೂ ಇರಲ್ಲ. ಅಂಗಡಿಯ ಬೋರ್ಡಿಗೆ ಜಾಯಿಂಟ್ ವೈರ್ ಎಳೆದ ಮಾಲೀಕನಿಗೆ, ಮಳೆಯಲ್ಲಿ ಆ ಕಬ್ಬಿಣದ ಕಂಬ ಮುಟ್ಟಿದ ಹುಡುಗ ಯಾರು ಅಂತಲೂ ಗೊತ್ತಿರಲ್ಲ. ಹಂದಿ ಕಾಟಕ್ಕೆ ಬೇಲಿಗೆ ಕರೆಂಟ್ ಬಿಟ್ಟ ರೈತ ಕಾಯುತ್ತಿದ್ದದ್ದು ಹಂದಿಯನ್ನೇ ಹೊರತು ಪಕ್ಕದ ಹೊಲದವನನ್ನಲ್ಲ.

ಆದರೂ ಮೂವರ ಮೇಲೂ ಕ್ರಿಮಿನಲ್ ಕೇಸು ಬೀಳಬಹುದು. ಯಾಕೆಂದರೆ ಇಲ್ಲಿ ಕಾನೂನು ‘ಬೇಕಂತ ಮಾಡಿದೆಯಾ?’ ಅಂತ ಕೇಳುವುದೇ ಇಲ್ಲ. ಬೇಕಂತ ಮಾಡಿದ್ದರೆ ಅದು ಕೊಲೆ, ಅದಕ್ಕೆ ಬೇರೆ ಕಲಂ ಇದೆ. ಇಲ್ಲಿ ಕೇಳುವುದು ಎರಡೇ ಪ್ರಶ್ನೆ. ಆ ಜಾಗದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ವಹಿಸಬೇಕಾದ ಎಚ್ಚರವನ್ನು ನೀವು ವಹಿಸಿದಿರಾ? ವಹಿಸದ ಕಾರಣಕ್ಕೇ ನೇರವಾಗಿ ಆ ಜೀವ ಹೋಯಿತಾ? ಈ ಎರಡಕ್ಕೂ ಬರುವ ಉತ್ತರದ ಮೇಲೆ ಒಬ್ಬರು ಜೈಲಿಗೆ ಹೋಗುವುದು ಅಥವಾ ಮನೆಗೆ ಹೋಗುವುದು ನಿಂತಿದೆ. ತಾಲೂಕಿನ ಅಂಗಡಿಯವರು, ವಾಹನ ಇಟ್ಟವರು, ಮನೆ ಕಟ್ಟಿಸುವವರು, ಹಾಗೇ ಮನೆಯವರನ್ನು ಕಳೆದುಕೊಂಡವರು ತಿಳಿದಿರಬೇಕಾದ ಮುಖ್ಯ ಅಂಶಗಳು ಇಲ್ಲಿವೆ.

ಯಾವ ಕಲಂ, ಎಷ್ಟು ಶಿಕ್ಷೆ?

ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ, ಅಂದರೆ ಐಪಿಸಿಯಲ್ಲಿ, ಇದು 304ಎ ಕಲಂ. 1860ರ ಮೂಲ ಕಾಯ್ದೆಯಲ್ಲಿ ಈ ಕಲಂ ಇರಲಿಲ್ಲ. 1870ರಲ್ಲಿ ತಿದ್ದುಪಡಿ ಮಾಡಿ ಸೇರಿಸಿದರು. ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಸಾವು ಉಂಟುಮಾಡಿದರೆ ಗರಿಷ್ಠ 2 ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ ಅಂತ ಅದರಲ್ಲಿತ್ತು. ‘ಅಥವಾ ದಂಡ’ ಎಂಬ ಮಾತು ಇದ್ದದ್ದರಿಂದ ಬರೀ ದಂಡ ಕಟ್ಟಿ ಹೊರಬರುವ ದಾರಿಯೂ ಇತ್ತು.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್, ಬಂದಿದೆ. ಈಗ ಇದು 106ನೇ ಕಲಂನ 1ನೇ ಉಪಕಲಂ. ಗರಿಷ್ಠ ಶಿಕ್ಷೆ 5 ವರ್ಷಕ್ಕೆ ಏರಿದೆ. ಜೈಲು ಶಿಕ್ಷೆಯ ಜೊತೆಗೆ ದಂಡ ಅಂತ ಹೇಳಿದೆ, ‘ಅಥವಾ’ ಎಂಬ ಪದ ಹೋಗಿದೆ. ಹಾಗಾಗಿ ‘ಐದೋ ಹತ್ತೋ ಸಾವಿರ ದಂಡ ಕಟ್ಟಿದರೆ ಮುಗೀತು’ ಎಂಬ ಕಟ್ಟೆ ಮಾತನ್ನು ಇನ್ನು ನಂಬಬೇಡಿ.

ಗಮನಿಸಬೇಕಾದ ವಿಷಯ ಇನ್ನೊಂದಿದೆ. ಘಟನೆ ನಡೆದ ದಿನಾಂಕ ಮುಖ್ಯ. 2024ರ ಜುಲೈ 1ಕ್ಕಿಂತ ಮೊದಲು ನಡೆದದ್ದಾದರೆ ಹಳೆಯ 304ಎ ಅಡಿಯಲ್ಲೇ ಕೇಸು ನಡೆಯುತ್ತದೆ, ಹಳೆಯ ಶಿಕ್ಷೆಯೇ ಅನ್ವಯಿಸುತ್ತದೆ. ತೀರ್ಪು ಬರುವುದು ಈಗಾದರೂ ಅಷ್ಟೇ.

ಇದು ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ. ಆದರೆ ಜಾಮೀನು ಸಿಗುವ ಅಪರಾಧ. ವಿಚಾರಣೆ ನಡೆಯುವುದು ನಮ್ಮ ತಾಲೂಕು ಮಟ್ಟದ ಜೆಎಂಎಫ್‌ಸಿ ಕೋರ್ಟಿನಲ್ಲೇ. ಜಾಮೀನು ಸಿಕ್ಕಿತು ಅಂದ ಮಾತ್ರಕ್ಕೆ ಕೇಸು ಮುಗಿಯಿತು ಅಂತ ತಿಳಿಯಬಾರದು. ಚಾರ್ಜ್‌ಶೀಟ್, ಸಾಕ್ಷಿ, ವಾದ ಎಲ್ಲ ಆಮೇಲೆ ಶುರುವಾಗುತ್ತದೆ.

ದುಡುಕು ಬೇರೆ, ನಿರ್ಲಕ್ಷ್ಯ ಬೇರೆ

ಕಲಂನಲ್ಲಿ ಎರಡು ಪದಗಳಿವೆ. ದುಡುಕು ಅಂದರೆ, ಅಪಾಯ ಆಗಬಹುದು ಅಂತ ಗೊತ್ತಿದ್ದೂ ‘ಏನಾಗಲ್ಲ ಬಿಡು’ ಅಂತ ಮುನ್ನುಗ್ಗುವುದು. ತಿರುವಿನಲ್ಲಿ ಎದುರು ಬರುವುದು ಕಾಣದಿದ್ದರೂ ಓವರ್‌ಟೇಕ್ ಮಾಡುವುದು ಇದಕ್ಕೆ ಉದಾಹರಣೆ. ನಿರ್ಲಕ್ಷ್ಯ ಅಂದರೆ, ಯೋಚನೆಯನ್ನೇ ಮಾಡದೆ ವಹಿಸಬೇಕಾದ ಎಚ್ಚರ ಬಿಟ್ಟುಬಿಡುವುದು. ನೀರು ಸೇದುವ ಮೋಟಾರಿನ ವೈರ್ ಸಿಪ್ಪೆ ಸುಲಿದು ತಿಂಗಳಾದರೂ ಟೇಪ್ ಸುತ್ತದೆ ಇರುವುದು ಇದಕ್ಕೆ ಉದಾಹರಣೆ. ಮಾಡಬಾರದ್ದನ್ನು ಮಾಡುವುದಷ್ಟೇ ಅಲ್ಲ, ಮಾಡಲೇಬೇಕಾದ್ದನ್ನು ಮಾಡದೆ ಇರುವುದೂ ಇದರಲ್ಲಿ ಬರುತ್ತದೆ.

ಹಾಗಂತ ಪ್ರತಿ ಸಣ್ಣ ತಪ್ಪೂ ಅಪರಾಧ ಅಲ್ಲ. ಪರಿಹಾರದ ದಾವೆಯಲ್ಲಿ ಸಾಧಾರಣ ಅಜಾಗರೂಕತೆ ತೋರಿಸಿದರೂ ಸಾಕು, ಹಣ ಕೊಡಬೇಕಾಗುತ್ತದೆ. ಜೈಲಿಗೆ ಕಳಿಸಬೇಕಾದರೆ ಅದಕ್ಕಿಂತ ಗಂಭೀರವಾದ ನಿರ್ಲಕ್ಷ್ಯ ಬೇಕು, ಅದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇದೇ ಕಾರಣಕ್ಕೆ ಒಂದೇ ಘಟನೆಯಲ್ಲಿ ಕ್ರಿಮಿನಲ್ ಕೇಸು ಖುಲಾಸೆಯಾಗಿ, ಪರಿಹಾರದ ಕೇಸಿನಲ್ಲಿ ಕುಟುಂಬಕ್ಕೆ ಹಣ ಸಿಗುವುದುಂಟು. ಎರಡೂ ಬೇರೆ ಬೇರೆ ದಾರಿ.

‘ಸತ್ತವನದ್ದೂ ತಪ್ಪಿತ್ತು’ ಅನ್ನುವ ವಾದದ ಬಗ್ಗೆ ಒಂದು ಮಾತು. ಪರಿಹಾರದ ಕೇಸಿನಲ್ಲಿ ಇದರಿಂದ ಮೊತ್ತ ಕಡಿಮೆಯಾಗಬಹುದು. ಕ್ರಿಮಿನಲ್ ಕೇಸಿನಲ್ಲಿ ಅದೊಂದೇ ನಿಮ್ಮನ್ನು ಉಳಿಸುವುದಿಲ್ಲ. ನಿಮ್ಮ ನಿರ್ಲಕ್ಷ್ಯವೇ ಸಾವಿಗೆ ನೇರ ಕಾರಣ ಅಲ್ಲ ಅಂತ ತೋರಿದರೆ ಮಾತ್ರ ಉಪಯೋಗ.

ಬೇಲಿಗೆ ಬಿಟ್ಟ ಕರೆಂಟ್

ಹಳ್ಳಿ ಕಡೆ ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇಲ್ಲೇ. ‘ನನ್ನ ಹೊಲ, ನನ್ನ ಬೇಲಿ, ಅವನ್ಯಾಕೆ ಬಂದ?’ ಅನ್ನುತ್ತಾರೆ. ಈ ವಾದವನ್ನು ಸುಪ್ರೀಂ ಕೋರ್ಟ್ 1963ರಷ್ಟು ಹಿಂದೆಯೇ ತಳ್ಳಿಹಾಕಿದೆ.

ಆ ಪ್ರಕರಣ ಬಿಹಾರದ್ದು. ಚೆರೂಬಿನ್ ಗ್ರೆಗರಿ ಎಂಬವರ ಶೌಚಾಲಯವನ್ನು ನೆರೆಮನೆಯವರು ಬಳಸಲು ಶುರುಮಾಡಿದ್ದರು. ನೆರೆಯವರ ಶೌಚಾಲಯದ ಗೋಡೆ ಬಿದ್ದುಹೋಗಿತ್ತು. ಬೇಡ ಅಂತ ಬಾಯಲ್ಲಿ ಹೇಳಿದರೂ ನಿಲ್ಲಲಿಲ್ಲ. ಆಗ ಅವರು ಶೌಚಾಲಯಕ್ಕೆ ಹೋಗುವ ದಾರಿಗೆ ಅಡ್ಡಲಾಗಿ ಬರಿ ತಾಮ್ರದ ತಂತಿ ಕಟ್ಟಿ ಮನೆಯ ಕರೆಂಟ್ ಹರಿಸಿದರು. ಎಚ್ಚರಿಕೆಯ ಫಲಕ ಏನೂ ಇರಲಿಲ್ಲ. ನೆರೆಮನೆಯ ಮಹಿಳೆ ತಂತಿಗೆ ತಗುಲಿ ಸತ್ತರು. ಅವರು ಅತಿಕ್ರಮವಾಗಿ ಒಳಗೆ ಬಂದವರು, ನನ್ನ ಆಸ್ತಿ ಕಾಯುವ ಹಕ್ಕು ನನಗಿದೆ ಅಂತ ಆರೋಪಿ ವಾದಿಸಿದರು. ಅತಿಕ್ರಮ ಮಾಡಿದ ಮಾತ್ರಕ್ಕೆ ಅವರಿಗೆ ಪ್ರಾಣಾಪಾಯ ಒಡ್ಡುವ ಬಲೆ ಇಡಲು ಹಕ್ಕು ಬರುವುದಿಲ್ಲ ಎಂದ ಕೋರ್ಟ್ 304ಎ ಶಿಕ್ಷೆಯನ್ನು ಎತ್ತಿಹಿಡಿಯಿತು.

ಇವತ್ತಿನ ಕಾಡುಹಂದಿ ಬೇಲಿಗೂ ಈ ಮಾತು ಹಾಗೇ ಒಪ್ಪುತ್ತದೆ. ಅಷ್ಟೇ ಅಲ್ಲ, ಇಲ್ಲಿ 106ಕ್ಕಿಂತ ದೊಡ್ಡ ಕಲಂ ಬೀಳುವ ಅಪಾಯವೂ ಇದೆ. ಜನ ಓಡಾಡುವ ಕಾಲುದಾರಿಯ ಪಕ್ಕ ನೇರ ಲೈನಿನ ಕರೆಂಟ್ ಬಿಟ್ಟರೆ ಯಾರಾದರೂ ಸಾಯಬಹುದು ಅನ್ನುವುದು ಮಾಡಿದವನಿಗೆ ಗೊತ್ತೇ ಇತ್ತು ಅಂತ ಸಾಬೀತಾದರೆ, ಅದು ನಿರ್ಲಕ್ಷ್ಯ ಅಲ್ಲ, ಕೊಲೆಯಲ್ಲದ ನರಹತ್ಯೆ. ಬಿಎನ್‌ಎಸ್ 105ನೇ ಕಲಂ. ಗರಿಷ್ಠ 10 ವರ್ಷ ಜೈಲು ಮತ್ತು ದಂಡ. ಜಾಮೀನು ಹಕ್ಕಾಗಿ ಸಿಗುವುದಿಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ನಿರ್ಲಕ್ಷ್ಯಕ್ಕೂ ನರಹತ್ಯೆಗೂ ನಡುವಿನ ಗೆರೆ ಈ ‘ಗೊತ್ತಿತ್ತು’ ಅನ್ನುವುದೇ. ಕಂಬದಿಂದ ಕದ್ದು ಎಳೆದ ಕರೆಂಟ್ ಆದರೆ ವಿದ್ಯುತ್ ಕಳ್ಳತನದ ಕೇಸು ಬೇರೆ.

ಸೋಲಾರ್ ಬೇಲಿಯ ಎನರ್ಜೈಸರ್ ಯಂತ್ರ ಕ್ಷಣಮಾತ್ರದ ಶಾಕ್ ಕೊಟ್ಟು ಬಿಡುವಂತೆ ಮಾಡಿರುತ್ತಾರೆ. ಅದು ಪ್ರಾಣಿಯನ್ನು ಹೆದರಿಸಿ ಓಡಿಸಲು. ಅದೇ ತಂತಿಗೆ ಮನೆಯ ಅಥವಾ ಪಂಪ್‌ಸೆಟ್ಟಿನ ಲೈನ್ ಜೋಡಿಸಿದರೆ ಅದು ಬೇಲಿಯಾಗಿ ಉಳಿಯಲ್ಲ, ಬಲೆಯಾಗುತ್ತದೆ.

ಅಂಗಡಿ, ಗೋದಾಮು, ಕೆಲಸಗಾರರು

‘ಕೆಲಸದ ಹುಡುಗ ಮಾಡಿದ ತಪ್ಪಿಗೆ ಮಾಲೀಕ ಜೈಲಿಗೆ ಹೋಗಬೇಕಾ?’ ವ್ಯಾಪಾರಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಎರಡು ಪ್ರಕರಣ ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ಮಹಾರಾಷ್ಟ್ರದ ಪೇಂಟ್ ಕಾರ್ಖಾನೆಯದು. 1962ರ ಏಪ್ರಿಲ್‌ನಲ್ಲಿ ಅಲ್ಲಿ ಬೆಂಕಿ ಬಿದ್ದು 7 ಕಾರ್ಮಿಕರು ಸತ್ತರು. ಬಿಸಿ ಮಾಡಿ ಪೇಂಟ್ ತಯಾರಿಸಲು ಕಾರ್ಖಾನೆಗೆ ಲೈಸೆನ್ಸ್ ಇರಲಿಲ್ಲ. ವಾರ್ನಿಷ್, ಟರ್ಪೆಂಟೈನ್ ಇಟ್ಟಿದ್ದ ಕೋಣೆಯಲ್ಲೇ ಬರ್ನರ್‌ಗಳು ಉರಿಯುತ್ತಿದ್ದವು. ಆದರೆ ಆ ದಿನ ಬೆಂಕಿ ಹತ್ತಿದ್ದು, ಕಾಯುತ್ತಿದ್ದ ಡಾಂಬರು ಆರುವ ಮೊದಲೇ ಕೆಲಸಗಾರನೊಬ್ಬ ಅದಕ್ಕೆ ಟರ್ಪೆಂಟೈನ್ ಸುರಿದದ್ದರಿಂದ. 1964ರ ಕೊನೆಗೆ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮಾಲೀಕ ಪಾಲುದಾರನ ಮೇಲಿನ 304ಎ ಶಿಕ್ಷೆ ರದ್ದು ಮಾಡಿತು. ಲೈಸೆನ್ಸ್ ಇಲ್ಲದ್ದು ತಪ್ಪು, ಆದರೆ ಸಾವಿಗೆ ನೇರ ಕಾರಣ ಅದಲ್ಲ ಅಂದಿತು. ಹಾಗಂತ ಸುಮ್ಮನೆ ಬಿಡಲಿಲ್ಲ. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ ಬೇರೆ ಕಲಂ ಅಡಿ ಶಿಕ್ಷೆ ಉಳಿಸಿತು.

ಎರಡನೆಯದು ದೆಹಲಿಯ ಉಪಹಾರ್ ಚಿತ್ರಮಂದಿರ. 1997ರ ಜೂನ್ 13ರಂದು ಕೆಳಗಿನ ಪಾರ್ಕಿಂಗ್ ಜಾಗದ ಟ್ರಾನ್ಸ್‌ಫಾರ್ಮರ್‌ನಿಂದ ಶುರುವಾದ ಬೆಂಕಿಯ ಹೊಗೆ ಬಾಲ್ಕನಿಗೆ ತುಂಬಿ 59 ಜನ ಸತ್ತರು. ಟ್ರಾನ್ಸ್‌ಫಾರ್ಮರ್ ವಿದ್ಯುತ್ ಮಂಡಳಿಯದ್ದಾಗಿತ್ತು. ಆದರೆ ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಓಡಾಡುವ ದಾರಿ ಮುಚ್ಚಿದ್ದು, ಹೊರಹೋಗುವ ಬಾಗಿಲಿಗೆ ಅಡ್ಡಿ ಮಾಡಿದ್ದು ಮಾಲೀಕರು. ಜನರಿಗೆ ಹೊರಬರಲು ಆಗಲಿಲ್ಲ ಅನ್ನುವುದೇ ಅವರ ಸಾವಿಗೆ ಕಾರಣವಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕರು ತಪ್ಪಿತಸ್ಥರು ಎಂಬುದನ್ನು ಎತ್ತಿಹಿಡಿಯಿತು.

ಎರಡನ್ನೂ ಸೇರಿಸಿ ಹೇಳುವುದಾದರೆ, ಕೆಲಸಗಾರನ ತಪ್ಪು ತಾನಾಗಿ ಮಾಲೀಕನ ತಲೆಗೆ ಬರುವುದಿಲ್ಲ. ಆದರೆ ಮಾಲೀಕ ತಾನೇ ಮಾಡಿದ್ದು, ತಾನೇ ಮಾಡದೆ ಬಿಟ್ಟದ್ದು ಸಾವಿಗೆ ನೇರ ಕಾರಣವಾದರೆ ತಪ್ಪಿಸಿಕೊಳ್ಳಲಾಗದು. ಗೋದಾಮಿನ ಹಿಂಬಾಗಿಲಿಗೆ ಬೀಗ ಹಾಕಿ ಒಳಗೆ ಹುಡುಗರನ್ನು ಮಲಗಿಸುವುದು, ಮೆಟ್ಟಿಲ ಮೇಲೆ ಸರಕು ಪೇರಿಸುವುದು, ಹೋಟೆಲಿನ ಗ್ಯಾಸ್ ಪೈಪ್ ಸೋರುತ್ತಿದೆ ಅಂತ ಅಡುಗೆಯವನು ಹೇಳಿದರೂ ‘ನಾಳೆ ನೋಡೋಣ’ ಅನ್ನುವುದು, ಇವೆಲ್ಲ ಮಾಲೀಕನ ಸ್ವಂತ ಲೆಕ್ಕಕ್ಕೇ ಬರುತ್ತವೆ.

ಸಾವು ಆಗದಿದ್ದರೂ ಕೇಸು ಬೀಳಬಹುದು ಅನ್ನುವುದು ಹಲವರಿಗೆ ಗೊತ್ತಿಲ್ಲ. ಬೆಂಕಿ ಮತ್ತು ಸುಡುವ ವಸ್ತುವಿನ ಬಗ್ಗೆ ಬಿಎನ್‌ಎಸ್ 287, ಸ್ಫೋಟಕ ವಸ್ತುವಿಗೆ 288, ಯಂತ್ರಗಳಿಗೆ 289, ಕಟ್ಟಡ ಕೆಡಹುವ, ಕಟ್ಟುವ, ರಿಪೇರಿ ಮಾಡುವ ಕೆಲಸಕ್ಕೆ 290, ಸಾಕುಪ್ರಾಣಿಗಳ ವಿಷಯಕ್ಕೆ 291. ಇವೆಲ್ಲಕ್ಕೂ ಗರಿಷ್ಠ 6 ತಿಂಗಳ ಜೈಲು ಶಿಕ್ಷೆ ಇದೆ. ಪಟಾಕಿ ದಾಸ್ತಾನು ಇಡುವವರು 2023ರ ಅಕ್ಟೋಬರ್ 7ನ್ನು ಮರೆಯಬಾರದು. ಅಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಹತ್ತಿ ಹತ್ತಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಹಬ್ಬದ ವ್ಯಾಪಾರಕ್ಕೆ ಅಂತ ಬಂದಿದ್ದ ಹುಡುಗರೇ ಅವರಲ್ಲಿ ಹೆಚ್ಚು.

ರಸ್ತೆ ಮೇಲೆ

106ನೇ ಕಲಂ ಅಂದರೆ ಜನರಿಗೆ ಮೊದಲು ನೆನಪಾಗುವುದು ವಾಹನ ಅಪಘಾತ. ಸಾವಾದರೆ 106ರ ಜೊತೆಗೆ ಅಜಾಗರೂಕ ಚಾಲನೆಯ 281ನೇ ಕಲಂ ಸಹ ಸೇರುತ್ತದೆ. ಜೊತೆಗಿದ್ದವರಿಗೆ ಗಾಯವಾಗಿದ್ದರೆ 125.

‘ದೊಡ್ಡ ಗಾಡಿಯವನದ್ದೇ ತಪ್ಪು’ ಅಂತ ಊರಿನವರು ತೀರ್ಮಾನ ಮಾಡಿಬಿಡುತ್ತಾರೆ. ಕೋರ್ಟ್ ಹಾಗೆ ಮಾಡುವುದಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣ ನೋಡಿ. ಸೈಯದ್ ಅಕ್ಬರ್ ಪ್ರಕರಣದಲ್ಲಿ ಪುಟ್ಟ ಮಗುವೊಂದು ಇದ್ದಕ್ಕಿದ್ದಂತೆ ರಸ್ತೆ ದಾಟಲು ಓಡಿತ್ತು, ಚಾಲಕ ಮಗುವನ್ನು ಉಳಿಸಲು ವಾಹನವನ್ನು ಪಕ್ಕಕ್ಕೆ ತಿರುಗಿಸಿದ್ದ. 1979ರಲ್ಲಿ ಸುಪ್ರೀಂ ಕೋರ್ಟ್ ಚಾಲಕನನ್ನು ಖುಲಾಸೆ ಮಾಡಿತು. ಅಪಘಾತ ಆಗಿದೆ ಅನ್ನುವುದೊಂದರಿಂದಲೇ ಚಾಲಕ ತಪ್ಪಿತಸ್ಥ ಆಗುವುದಿಲ್ಲ ಅಂದಿತು. ಸತೀಶ್ ಪ್ರಕರಣದಲ್ಲಿ ಲಾರಿ ಮಗುಚಿ 15 ಜನ ಸತ್ತಿದ್ದರು. ಸಾಕ್ಷಿಗಳು ‘ಜೋರಾಗಿ ಓಡಿಸುತ್ತಿದ್ದ’ ಅಂದರೇ ಹೊರತು ಎಷ್ಟು ಜೋರು, ಯಾಕೆ ಅಪಾಯ ಅಂತ ಹೇಳಲಿಲ್ಲ. ‘ಜೋರು’ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಅದೊಂದೇ ಸಾಲದು ಅಂತ 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈ ತೀರ್ಪುಗಳಲ್ಲಿ ಸತ್ತವರ ಕುಟುಂಬಕ್ಕೂ ಒಂದು ಪಾಠವಿದೆ. ಟಯರ್ ಉಜ್ಜಿದ ಗುರುತು, ವಾಹನ ಇದ್ದ ಜಾಗ, ರಸ್ತೆಯ ಅಗಲ, ಅಂಗಡಿಗಳ ಸಿಸಿಟಿವಿ ದೃಶ್ಯ, ಇವು ಮೊದಲ ದಿನವೇ ಮಹಜರಿನಲ್ಲಿ ಬರಬೇಕು. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ತೆಗೆದಿರಿಸಿ ಅಂತ ಠಾಣೆಗೆ ಬರೆದು ಕೊಡಿ.

ಕುಡಿದು ಓಡಿಸಿದರೆ ಮಾತೇ ಬೇರೆ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ 7 ಕೂಲಿಕಾರರ ಮೇಲೆ ಕಾರು ಹರಿದ ಪ್ರಕರಣದಲ್ಲಿ ಚಾಲಕನಿಗೆ ನಿರ್ಲಕ್ಷ್ಯದ ಕಲಂ ಅಲ್ಲ, ನರಹತ್ಯೆಯ ಕಲಂ ಅಡಿಯೇ ಶಿಕ್ಷೆಯಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಳಿಸಿತು.

ಗುದ್ದಿ ಓಡಿಹೋದರೆ 10 ವರ್ಷ ಅನ್ನುವ ಸುದ್ದಿ ಎಲ್ಲರಿಗೂ ಗೊತ್ತು. ಅದು 106ರ 2ನೇ ಉಪಕಲಂ. ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದ ಚಾಲಕನಿಗೆ ಗರಿಷ್ಠ 10 ವರ್ಷ ಜೈಲು. 2024ರ ಜನವರಿಯಲ್ಲಿ ದೇಶದಾದ್ಯಂತ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಕೇಂದ್ರ ಸರ್ಕಾರ ಇದನ್ನು ತಡೆಹಿಡಿಯಿತು. ಜುಲೈ 1ರಂದು ಉಳಿದ ಸಂಹಿತೆ ಜಾರಿಗೆ ಬಂದಾಗ ಈ ಉಪಕಲಂ ಒಂದನ್ನು ಹೊರಗಿಟ್ಟರು. ಆದರೆ ಓಡಿಹೋಗಬಹುದು ಅಂತ ಅರ್ಥವಲ್ಲ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆ 134ನೇ ಕಲಂ ಪ್ರಕಾರ ಚಾಲಕನ ಕರ್ತವ್ಯ. ಜನ ಹೊಡೆಯುತ್ತಾರೆ ಎಂಬ ಭಯ ಇದ್ದರೆ ಅಲ್ಲಿಂದ ನೇರವಾಗಿ ಹತ್ತಿರದ ಠಾಣೆಗೆ ಹೋಗಿ. ಅದು ತಲೆಮರೆಸಿಕೊಂಡಂತೆ ಆಗಲ್ಲ.

ಮಗನ ಕೈಗೆ, ಅಂಗಡಿ ಹುಡುಗನ ಕೈಗೆ ಸ್ಕೂಟರ್ ಕೀ ಕೊಡುವವರು ಇದನ್ನು ಓದಿ. 18 ತುಂಬದವರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ಇದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗಲ್ಲ. ಇನ್ಶೂರೆನ್ಸ್ ಇಲ್ಲದಿದ್ದರೆ ಪರಿಹಾರದ ಪೂರ್ತಿ ಹಣ ಮಾಲೀಕನ ಜೇಬಿನಿಂದಲೇ ಹೋಗುತ್ತದೆ. ಅಂಗಡಿ, ಸೈಟು ಮಾರಿದವರಿದ್ದಾರೆ.

ಕಟ್ಟಡ, ಕಟೌಟ್, ಪೆಂಡಾಲ್

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕೆಳಗಿನ ಮಹಡಿಯಲ್ಲಿ ಆಗಲೇ ಅಂಗಡಿಗಳು ನಡೆಯುತ್ತಿದ್ದವು. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು. ಎರಡೂ ಕಡೆ ಸಾಯಬೇಕು, ಸಾಯಿಸಬೇಕು ಅಂದುಕೊಂಡವರು ಯಾರೂ ಇರಲಿಲ್ಲ.

ಮನೆ ಕಟ್ಟಿಸುವವರು ಕೇಳುತ್ತಾರೆ: ‘ಮೇಸ್ತ್ರಿಗೆ ಗುತ್ತಿಗೆ ಕೊಟ್ಟಾಯ್ತು, ಇನ್ನು ನನಗೇನು?’ ಮೇಸ್ತ್ರಿಯ ಕೆಲಸದಲ್ಲಿ ಆದ ತಪ್ಪಿಗೆ ಅವನೇ ಹೊಣೆ. ಆದರೆ ಪಾಯ ಎರಡು ಅಂತಸ್ತಿನದು ಅಂತ ಗೊತ್ತಿದ್ದೂ ನಾಲ್ಕು ಏರಿಸಿ ಅಂತ ಹೇಳಿದ್ದು ನೀವಾದರೆ, ಹೈಟೆನ್ಷನ್ ತಂತಿ ಕೈಗೆಟಕುವಂತಿದ್ದರೂ ಸೆಂಟ್ರಿಂಗ್ ಕೆಲಸ ಮುಂದುವರಿಸಿ ಅಂದದ್ದು ನೀವಾದರೆ, ಹೊಣೆ ನಿಮ್ಮ ಬಾಗಿಲಿಗೂ ಬರುತ್ತದೆ. ಉತ್ಸವ ಸಮಿತಿಯವರಿಗೂ ಇದೇ ಲೆಕ್ಕ. ಪೆಂಡಾಲ್, ಸೀರಿಯಲ್ ಸೆಟ್ಟಿನ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅಂತ ಮೊದಲೇ ಬರೆದಿಡುವುದು ಎಲ್ಲರಿಗೂ ಒಳ್ಳೆಯದು.

ವೈದ್ಯರು, ಮೆಡಿಕಲ್ ಸ್ಟೋರ್

ರೋಗಿ ಸತ್ತರೆ ಆಸ್ಪತ್ರೆಯ ಗಾಜು ಒಡೆಯುವುದು ಈಗ ರೂಢಿಯಾಗಿಬಿಟ್ಟಿದೆ. ಗಾಜು ಒಡೆದವರ ಮೇಲೆಯೇ ಕೇಸಾಗುತ್ತದೆ, ಸತ್ತವರಿಗೆ ನ್ಯಾಯ ಸಿಗಲ್ಲ. ಚಿಕಿತ್ಸೆ ಫಲಿಸಲಿಲ್ಲ ಅನ್ನುವುದು ಅಪರಾಧವಲ್ಲ. ಆ ಸಂದರ್ಭದಲ್ಲಿ ಸಾಧಾರಣ ವಿವೇಕದ ಯಾವ ವೈದ್ಯರೂ ಮಾಡದಂಥ ಘೋರ ನಿರ್ಲಕ್ಷ್ಯ ಇರಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತನಿಖಾಧಿಕಾರಿ ಮುಂದುವರಿಯುವ ಮೊದಲು ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ದೂರು ಬಂದ ಕೂಡಲೇ ವೈದ್ಯರನ್ನು ಬಂಧಿಸುವಂತಿಲ್ಲ.

ಹೊಸ ಕಾನೂನಿನಲ್ಲಿ ವೈದ್ಯಕೀಯ ಪ್ರಕ್ರಿಯೆ ನಡೆಸುವಾಗ ಆದ ನಿರ್ಲಕ್ಷ್ಯಕ್ಕೆ ಗರಿಷ್ಠ ಶಿಕ್ಷೆ 5 ಅಲ್ಲ, 2 ವರ್ಷ. ಆದರೆ ಈ ರಿಯಾಯಿತಿ ನೋಂದಾಯಿತ ವೈದ್ಯರಿಗೆ ಮಾತ್ರ. ಪದವಿ, ನೋಂದಣಿ ಇಲ್ಲದೆ ಹಳ್ಳಿಯಲ್ಲಿ ಡ್ರಿಪ್ ಹಾಕುವವರಿಗೆ, ಚೀಟಿ ಇಲ್ಲದೆ ಇಂಜೆಕ್ಷನ್ ಕೊಟ್ಟುಬಿಡುವ ಮೆಡಿಕಲ್ ಸ್ಟೋರಿನವರಿಗೆ ಅದು ಸಿಗುವುದಿಲ್ಲ. ಕುಟುಂಬದವರು ಚಿಕಿತ್ಸೆಯ ದಾಖಲೆಗಳ ಪ್ರತಿ ಕೇಳಿ ಪಡೆಯಿರಿ, ಮರಣೋತ್ತರ ಪರೀಕ್ಷೆ ಬೇಡ ಅನ್ನಬೇಡಿ. ಅದಿಲ್ಲದೆ ಮುಂದೆ ಏನನ್ನೂ ಸಾಬೀತು ಮಾಡುವುದು ಕಷ್ಟ.

‘ರಾಜಿ ಮಾಡ್ಕೊಂಡ್ರೆ ಆಯ್ತಲ್ಲ?’

ಊರ ಹಿರಿಯರು ಕೂತು ‘ಹೋದ ಜೀವ ವಾಪಸ್ ಬರಲ್ಲ, ಇಷ್ಟು ಕೊಡಿಸ್ತೀವಿ, ಕೇಸು ಬೇಡ’ ಅಂತ ತೀರ್ಮಾನ ಮಾಡುವುದುಂಟು. ಎರಡೂ ಕಡೆಯವರು ತಿಳಿದಿರಬೇಕಾದದ್ದು: ಈ ಅಪರಾಧ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಸತ್ತವರ ಮನೆಯವರು ‘ನಮಗೆ ದೂರು ಬೇಡ’ ಅಂತ ಬರೆದುಕೊಟ್ಟರೂ ಪೊಲೀಸರು ತನಿಖೆ ಮಾಡಬೇಕು, ಯಾಕೆಂದರೆ ಕೇಸು ನಡೆಸುವುದು ಸರ್ಕಾರ.

ಹಣ ಕೊಟ್ಟವನು ಕೇಸು ಮುಗಿಯಿತು ಅಂದುಕೊಂಡಿರುತ್ತಾನೆ, ಆಮೇಲೆ ಸಮನ್ಸ್ ಬರುತ್ತದೆ. ಹಣ ತೆಗೆದುಕೊಂಡ ಹೆಂಡತಿ ಮಕ್ಕಳ ಕಥೆ ಇನ್ನೂ ಕಷ್ಟದ್ದು. ಎಫ್‌ಐಆರ್, ಮರಣೋತ್ತರ ವರದಿ ಇಲ್ಲದೆ ಇನ್ಶೂರೆನ್ಸ್ ಪರಿಹಾರ ಸಿಗುವುದು ಕಷ್ಟವಾಗುತ್ತದೆ. ಐವತ್ತು ಸಾವಿರಕ್ಕೆ ಸಹಿ ಹಾಕಿ, ಟ್ರಿಬ್ಯೂನಲ್‌ನಲ್ಲಿ ಬರಬಹುದಾಗಿದ್ದ ಲಕ್ಷಾಂತರ ರೂಪಾಯಿ ಕಳೆದುಕೊಂಡಂತಾಗುತ್ತದೆ. ದುಡಿಯುವ ಕೈ ಹೋದ ಮನೆಗೆ ಅದು ಮಕ್ಕಳ ಓದಿನ ಹಣ. ಮಾನವೀಯತೆಯಿಂದ ಅಂತ್ಯಕ್ರಿಯೆಗೆ, ಮನೆ ಖರ್ಚಿಗೆ ಕೊಡುವುದು ತಪ್ಪಲ್ಲ. ಕೋರ್ಟ್ ಶಿಕ್ಷೆ ನಿರ್ಧರಿಸುವಾಗ ಅದನ್ನು ಗಮನಿಸಲೂಬಹುದು. ಆದರೆ ಅದನ್ನು ‘ಕೇಸಿಲ್ಲ’ ಎಂಬ ಷರತ್ತಿಗೆ ಕಟ್ಟಬೇಡಿ.

ಮನೆಯವರನ್ನು ಕಳೆದುಕೊಂಡವರು ಏನು ಮಾಡಬೇಕು?

* ಠಾಣೆಯಲ್ಲಿ ದಾಖಲಾದದ್ದು ಏನು ಅಂತ ನೋಡಿ. ಬರೀ ಅಸ್ವಾಭಾವಿಕ ಸಾವು, ಅಂದರೆ ಯುಡಿಆರ್, ಅಂತ ಇದ್ದರೆ ಅದರಲ್ಲಿ ಆರೋಪಿ ಇರುವುದಿಲ್ಲ. ಯಾರ ನಿರ್ಲಕ್ಷ್ಯ ಅಂತ ನಿಮಗೆ ಗೊತ್ತಿದ್ದರೆ ಲಿಖಿತ ದೂರು ಕೊಟ್ಟು ಎಫ್‌ಐಆರ್ ಕೇಳಿ. ಪ್ರತಿಯನ್ನು ಉಚಿತವಾಗಿ ಕೊಡಬೇಕು.
* ಎಫ್‌ಐಆರ್ ಹಾಕದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆ ಮೂಲಕ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು.
* ವಾಹನ ಅಪಘಾತವಾಗಿದ್ದರೆ ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೆ ಹಾಕಿ. ತಿಥಿ, ವರ್ಷಾಬ್ದಿಕ ಆಗಲಿ ಅಂತ ಕಾಯಬೇಡಿ.
* ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸರ್ಕಾರದ ಯೋಜನೆಯಲ್ಲಿದೆ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.
* ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಇದೆ. ಸಹಾಯವಾಣಿ 15100.

ಆರೋಪ ಬಂದವರು ಏನು ಮಾಡಬೇಕು?

* ಮೊದಲು ಜೀವ. 108ಕ್ಕೆ, 112ಕ್ಕೆ ಕರೆ ಮಾಡಿ. ಕರೆಂಟ್ ಆದರೆ ಮೇನ್ ಆಫ್ ಮಾಡಿಸದೆ ಯಾರೂ ಮುಟ್ಟಬೇಡಿ.
* ಜಾಗವನ್ನು ತೊಳೆಯುವುದು, ವೈರ್ ಬಿಚ್ಚಿ ಎಸೆಯುವುದು, ಸಿಸಿಟಿವಿ ಅಳಿಸುವುದು ಮಾಡಬೇಡಿ. ಸಾಕ್ಷ್ಯ ನಾಶ ಬೇರೆಯೇ ಅಪರಾಧ.
* ಓಡಿಸಿದ್ದು ನೀವಾಗಿದ್ದು, ಡ್ರೈವರನ್ನು ‘ನೀನು ಒಪ್ಪಿಕೋ’ ಅಂತ ನಿಲ್ಲಿಸಬೇಡಿ. ಮೊಬೈಲ್ ದಾಖಲೆ, ಕ್ಯಾಮೆರಾ ಇರುವ ಕಾಲ ಇದು.
* ಪೊಲೀಸ್ ನೋಟಿಸ್ ಬಂದರೆ ಹಾಜರಾಗಿ. ಈ ಕಲಂನಲ್ಲಿ ಜಾಮೀನು ನಿಮ್ಮ ಹಕ್ಕು. ಬೇಲಿನ ಹೆಸರಲ್ಲಿ ಯಾರಿಗೂ ಕೈಬಿಸಿ ಮಾಡುವ ಅಗತ್ಯವಿಲ್ಲ.
* ಲೈಸೆನ್ಸ್, ಇನ್ಶೂರೆನ್ಸ್, ರಿಪೇರಿ ಮಾಡಿಸಿದ ಬಿಲ್ಲು ಜೋಪಾನವಾಗಿಡಿ. ಎಚ್ಚರ ವಹಿಸಿದ್ದೆ ಅಂತ ಹೇಳಲು ನಿಮ್ಮ ಹತ್ತಿರ ಇರುವ ಸಾಕ್ಷಿ ಅದೇ.

ಕೊನೆಗೆ, ಅಂಗಡಿ ಬಾಗಿಲು ಹಾಕುವ ಮುಂಚೆ ಒಂದು ಸಲ ಸುತ್ತ ನೋಡಿ. ಬೋರ್ಡಿನ ವೈರ್ ಎಲ್ಲಾದರೂ ಸುಲಿದಿದೆಯಾ? ಹಿಂಬಾಗಿಲು ಒಳಗಿನಿಂದ ತೆಗೆಯಲು ಬರುತ್ತಾ? ನೀರಿನ ಸಂಪಿನ ಮುಚ್ಚಳ ಮುಚ್ಚಿದೆಯಾ? ಕೆಲಸದ ಹುಡುಗ ಮೊನ್ನೆ ಏನೋ ಹೇಳಿದ್ದ, ಅದನ್ನು ಸರಿ ಮಾಡಿಸಿದಿರಾ? ಬೀದಿಯಲ್ಲಿ ಜೋತುಬಿದ್ದ ತಂತಿ ಕಂಡರೆ 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಬ್ಬ ಎಲೆಕ್ಟ್ರಿಷಿಯನ್ ಬಂದು ಹೋಗಲು ಕೆಲವು ನೂರು ರೂಪಾಯಿ ಆಗಬಹುದು. ಅದನ್ನು ಇವತ್ತು ಉಳಿಸಲು ಹೋದರೆ, ನಾಳೆ ಠಾಣೆಯ ಬೆಂಚಿನ ಮೇಲೆ ಕೂತು ‘ಬೇಕಂತ ಮಾಡಿದ್ದಲ್ಲ ಸಾರ್’ ಅಂತ ನೀವು ಹೇಳುವ ಹೊತ್ತಿಗೆ ಇನ್ನೊಂದು ಮನೆಯಲ್ಲಿ ದೀಪ ಆರಿಹೋಗಿರುತ್ತದೆ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಪ್ರತಿ ಪ್ರಕರಣದ ಸಂಗತಿ ಬೇರೆ ಇರುವುದರಿಂದ, ನಿಮ್ಮದೇ ಕೇಸಿನ ವಿಷಯದಲ್ಲಿ ವಕೀಲರನ್ನು ಕಂಡು ಮಾತಾಡಿ.